ಇಳಿಯುವುದಕ್ಕೊಂದು ದೋಣಿ

ಹೆಂಡತಿ ಚಂದ್ರಮತಿ ತಾನಾಗಿ ದೋಣಿಯಲ್ಲಿ ಬರುತ್ತೇನೆ ಎಂದದ್ದೇ ಭೂಪಾಲನ ನೆಮ್ಮದಿ ಕೆಡಿಸಿತ್ತು. ದೋಣಿ ಕೊಂಡ ಮೇಲೆ ಇದು ಐದನೆಯ ಭಾನುವಾರ. ಹಿಂದಿನ ನಾಲ್ಕು ಭಾನುವಾರವೂ ಅವನೊಬ್ಬನೇ ಹೊಳೆಗೆ ಇಳಿದಿದ್ದ. ಅವಳು ಅವನ ದೊಡ್ಡಪ್ಪನ ಮಗ ಅಣ್ಣಾಸಾಬನ ಹೊಲದ ಬದುವಿನ ಮೇಲೆ ಬೇವಿನ ನೆರಳಿಗೆ ಕೂತು, ಮಡಿಲಲ್ಲಿ ಶೇಂಗಾ ಹಾಕಿಕೊಂಡು ಸುಲಿಯುತ್ತ ನೋಡುತ್ತಿದ್ದಳು. ನನ್ನನ್ನೂ ಕೂಡಿಸಿಕೊಳ್ಳಿ ಎಂದು ಅವಳು ಕೇಳಿರಲಿಲ್ಲ, ಬಾ ಎಂದು ಕರೆಯುವ ಧೈರ್ಯ ಅವನಿಗೂ ಬಂದಿರಲಿಲ್ಲ. ನಿನ್ನೆ ಚಿಕ್ಕೋಡಿಯ ಮನೆಯಿಂದ ಊರಿಗೆ ಬರುವಾಗ, ಕುಡಚಿಯಲ್ಲಿ ಬಸ್ಸು ಬದಲಿಸಲು ನಿಂತಿದ್ದ ಹೊತ್ತಿನಲ್ಲಿ, ಒಂದು ಸೂಡು ಕೊತ್ತಂಬರಿ ಕೊಳ್ಳೋಣ ಎನ್ನುವಷ್ಟೇ ದನಿಯಲ್ಲಿ, ನಾಳೆ ತಾನೂ ದೋಣಿಯಲ್ಲಿ ಬರುವುದಾಗಿ ಹೇಳಿದಳು. ಅವನು ಹೂಂ ಎಂದ. ಆಮೇಲೆ ಐನಾಪುರ ಮುಟ್ಟುವವರೆಗೂ ಕಿಟಕಿಯ ಸರಳು ಹಿಡಿದು ಕೂತ ಅವನಿಗೆ, ಇಪ್ಪತ್ತೊಂದು ವರ್ಷ ಸುಮ್ಮನಿದ್ದವಳು ನಾಳೆ ನಡುನೀರಿನಲ್ಲಿ ಬಾಯಿ ಬಿಡುತ್ತಾಳೆ ಎನ್ನುವುದು ಖಚಿತವಾಗಿತ್ತು. ಈಗ ಬೆಳಗಿನ ಎಂಟೂವರೆ. ಎಂಬತ್ತೊಂಬತ್ತನೆಯ ಇಸವಿಯ ನವೆಂಬರಿನ ಭಾನುವಾರ, ಊರಿಗೆ ಊರೇ ಬೆಳಗಿನ ಧಾರಾವಾಹಿ ನೋಡಲು ಟೀವಿ ಇದ್ದವರ ಪಡಸಾಲೆಗಳಲ್ಲಿ ಸೇರಿದ್ದರಿಂದ ಹೊಳೆದಂಡೆಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಭೂಪಾಲ ಪ್ಯಾಂಟು ಮೊಳಕಾಲವರೆಗೆ ಮಡಚಿಕೊಂಡು, ದೋಣಿಯ ಹಿಂದಿನ ಹಲಗೆಯನ್ನು ಮೂರನೆಯ ಸಲ ಒರೆಸಿದ. ಅದು ಮೊದಲನೆಯ ಸಲಕ್ಕೇ ಒಣಗಿತ್ತು.

ಚಿಕ್ಕೋಡಿಯ ಕೋರ್ಟಿನಲ್ಲಿ ನಕಲು ತೆಗೆಯುವ ಗುಮಾಸ್ತನೊಬ್ಬ ಇದ್ದಕ್ಕಿದ್ದಂತೆ ದೋಣಿ ಕೊಳ್ಳುವುದೆಂದರೆ ನಾಲ್ಕು ಮಂದಿಗೆ ಉತ್ತರ ಕೊಡಬೇಕಾಗುತ್ತದೆ. ಭುಜದ ನೋವಿಗೆ ಹುಟ್ಟು ಹಾಕುವ ವ್ಯಾಯಾಮ ಒಳ್ಳೆಯದೆಂದು ಡಾಕ್ಟರು ಹೇಳಿದ್ದಾರೆ ಅಂತ ಕಚೇರಿಯಲ್ಲಿ ಹೇಳಿದ್ದ. ಅಂಥ ಡಾಕ್ಟರು ಯಾರೂ ಇರಲಿಲ್ಲ. ಅಣ್ಣಾಸಾಬ, ಯಾರ ಹೊಲದ ಕೆಳಗೆ ದೋಣಿ ಕಟ್ಟಬೇಕಾಗಿತ್ತೋ ಅವನು, ಡಾಕ್ಟರ ಮಾತು ನಂಬಿದಂತೆ ತಲೆಯಾಡಿಸಿ, ಎಂಟಡಿಯ ಆ ಬಿಳಿ ಫೈಬರ್ ದೋಣಿಯ ಸುತ್ತ ಒಂದು ಸುತ್ತು ಹಾಕಿ, ದನಕ್ಕೆ ನೀರಿಡುವ ಬಾನಿಯ ಹಾಗಿದೆ ಎಂದಿದ್ದ. ಅವತ್ತಿನಿಂದ ಐನಾಪುರದಲ್ಲಿ ಅದರ ಹೆಸರು ಭೂಪಾಲನ ಬಾನಿ. ಇರಲಿ. ಬಾನಿಯೆಂದರೂ ಇರಲಿ, ತೊಟ್ಟಿಲೆಂದರೂ ಇರಲಿ, ನಿಜವಾದ ಕಾರಣ ಯಾರ ಬಾಯಲ್ಲೂ ಬರದಿದ್ದರೆ ಸಾಕು ಎಂದು ಅವನು ಸಮಾಧಾನ ಮಾಡಿಕೊಂಡಿದ್ದ.

ನಿಜವಾದ ಕಾರಣ ಕೊಪ್ಪರಿಗೆ. ಕಬ್ಬಿನ ಹಾಲು ಕಾಯಿಸಿ ಬೆಲ್ಲ ಮಾಡುವ ಆ ಅಗಲವಾದ ಕಬ್ಬಿಣದ ಕೊಪ್ಪರಿಗೆಗೆ ಮಳೆಗಾಲದಲ್ಲಿ ಕೆಲಸವಿಲ್ಲ. ಹೊಳೆ ತುಂಬಿ ನಾವೆ ನಿಂತಾಗ ಅದೇ ಈ ಕಡೆಯವರ ದೋಣಿ. ಒಳಗೆ ಕಬ್ಬಿನ ಒಣಗರಿಯ ರವದಿ ಹಾಸಿ ನಾಲ್ಕು ಮಂದಿಯನ್ನು ಕೂಡಿಸುತ್ತಾರೆ, ಈಜು ಬಲ್ಲವರಿಬ್ಬರು ಅಂಚಿನ ಬಳೆ ಹಿಡಿದು ನೂಕುತ್ತ ದಾಟಿಸುತ್ತಾರೆ. ಕೂತವರಿಗೆ ಇರುವುದು ಒಂದೇ ನಿಯಮ: ನೂಕುವವನು ದಂಡೆಯ ಬೇರಿಗೆ ಹಗ್ಗ ಸುತ್ತಿ ಇಳೀರಿ ಅನ್ನುವವರೆಗೆ ಏಳಬಾರದು. ಮದುವೆಯಾದ ವರ್ಷ, ಪಂಚಮಿಗೆಂದು ರಾಯಬಾಗ ಕಡೆಯ ತವರಿಗೆ ಹೋಗಿದ್ದ ಹೆಂಡತಿಯನ್ನು ಕರೆತರಲು ಹೋದವನು ಭೂಪಾಲ. ಇಪ್ಪತ್ತನಾಲ್ಕರ ಗಂಡ, ಹದಿನೆಂಟರ ಹೆಂಡತಿ, ಅವಳ ತೊಡೆಯ ಮೇಲೆ ಪಂಚಮಿ ಉಂಡಿಯ ಬುಟ್ಟಿ, ನೀರಿನಲ್ಲಿ ಕೊಪ್ಪರಿಗೆ ನೂಕುವ ಸತ್ತೆಪ್ಪ ಮತ್ತು ಅವನ ಜೊತೆಗಾರ. ಕೆಂಪು ನೀರು ಅಂಚಿಗಿಂತ ನಾಲ್ಕು ಬೆರಳು ಕೆಳಗಿತ್ತು. ನಡುಹೊಳೆಯಲ್ಲಿ ಜೊತೆಗಾರನ ಕೈ ಸೋತು ಅವನು ಹಿಂದೆ ಉಳಿದ. ಸತ್ತೆಪ್ಪನೊಬ್ಬನೇ ನೂಕಿಕೊಂಡು ಬಂದ. ದಂಡೆ ಇನ್ನೇನು ಮಾರು ದೂರ ಇದೆ ಎನ್ನುವಾಗ, ಬೇರು ಹಿಡಿಯಲೆಂದು ಅವನು ಒಂದು ಕೈ ಬಿಟ್ಟ ಆ ಗಳಿಗೆಯಲ್ಲಿ, ಭೂಪಾಲ ಎದ್ದು ನಿಂತು, ಅಂಚಿನ ಮೇಲೆ ಕಾಲಿಟ್ಟು, ಜಿಗಿದುಬಿಟ್ಟ. ಜಿಗಿಯಬೇಕು ಎಂದು ಅವನು ಅಂದುಕೊಂಡಿರಲಿಲ್ಲ. ದಂಡೆಯ ಕೆಸರಿನಲ್ಲಿ ಮೊಳಕೈ ಊರಿದ ಮೇಲೆಯೇ ತಾನು ಜಿಗಿದದ್ದು ಅವನಿಗೆ ತಿಳಿದದ್ದು. ಹಿಂತಿರುಗಿ ನೋಡಿದರೆ, ಅವನ ಕಾಲಿನ ಒದೆತಕ್ಕೆ ಕೊಪ್ಪರಿಗೆ ಸತ್ತೆಪ್ಪನ ಕೈಯಿಂದ ತಪ್ಪಿ ಹೊಳೆಯ ನಡುವಿಗೆ ಹೋಗಿತ್ತು, ಗರಗರ ತಿರುಗುತ್ತಿತ್ತು, ಅದರೊಳಗೆ ಚಂದ್ರಮತಿ ಒಬ್ಬಳೇ ಕೂತಿದ್ದಳು. ಕೆಳಗಿನ ತಿರುವಿನ ಜಾಲಿಗಿಡಗಳ ಹತ್ತಿರ ಸತ್ತೆಪ್ಪ ಈಜಿ ಹಿಡಿಯುವವರೆಗೆ ಅವನು ಕೆಸರಿನಲ್ಲೇ ನಿಂತಿದ್ದ. ಅವಳು ಇಳಿದು ಬಂದು, ಸೀರೆಯ ನೆರಿಗೆ ಸರಿಮಾಡಿಕೊಂಡು, ಬುಟ್ಟಿ ಬಿಚ್ಚಿ ಸತ್ತೆಪ್ಪನಿಗೆ ಎರಡು ಉಂಡಿ ಕೊಟ್ಟಳು. ಅದರ ಬಗ್ಗೆ ಗಂಡನಿಗೆ ಒಂದು ಮಾತೂ ಆಡಲಿಲ್ಲ. ಅವತ್ತೂ ಆಡಲಿಲ್ಲ, ಮರುದಿನವೂ ಇಲ್ಲ, ಮಗಳು ಹುಟ್ಟಿ ಬೆಳೆದು ಮದುವೆಯಾಗಿ ಅಥಣಿಗೆ ಹೋದರೂ ಆಡಲಿಲ್ಲ. ಸತ್ತೆಪ್ಪನೂ ಯಾರಿಗೂ ಹೇಳದೆ ಸತ್ತ. ಬೈದಿದ್ದರೆ ಒಂದು ವಾರ ಉರಿದು ಆರುತ್ತಿತ್ತು. ಬೈಯದೆ ಇದ್ದುದರಿಂದ ಅವಳು ಬಡಿಸಿದ ಪ್ರತಿ ರೊಟ್ಟಿಯಲ್ಲೂ, ಬಾಗಿಲಲ್ಲಿ ಅವನನ್ನು ಮೊದಲು ಹೋಗಗೊಡುವ ರೀತಿಯಲ್ಲೂ ಅವನು ಅದನ್ನೇ ಹುಡುಕಿದ. ಕೋರ್ಟಿನಲ್ಲಿ ದಿನವೂ ಸಾಕ್ಷಿಗಳ ಹೇಳಿಕೆಯ ನಕಲು ತೆಗೆಯುವವನು. ಸತ್ಯವನ್ನೇ ಹೇಳುತ್ತೇನೆ ಎನ್ನುವ ಸಾಲು ಬಂದಾಗಲೆಲ್ಲ ಅವನ ಬೆರಳು ಒಂದು ಕ್ಷಣ ಟೈಪಿನ ಮೇಲೆ ತಡೆಯುತ್ತಿತ್ತು.

ಆದ್ದರಿಂದ ಅವನು ದೋಣಿ ಆರಿಸಿದ ಕ್ರಮ ಲೋಕದವರ ಕ್ರಮವಾಗಿರಲಿಲ್ಲ. ಎಷ್ಟು ಮಂದಿ ಕೂಡಬಹುದು, ಎಷ್ಟು ವೇಗ ಹೋಗುತ್ತದೆ ಎಂದು ಅವನು ಕೇಳಲೇ ಇಲ್ಲ. ಪ್ರತಿ ದೋಣಿಯಲ್ಲೂ ಹತ್ತಿ ಕೂತು, ಎದ್ದು, ದಂಡೆಗೆ ಜಿಗಿದು, ದೋಣಿ ಎಷ್ಟು ದೂರ ಸರಿಯಿತು ಎಂದು ತಿರುಗಿ ನೋಡುತ್ತಿದ್ದ. ನಿಪ್ಪಾಣಿಯಲ್ಲಿ ತಂಬಾಕು ತುಂಬಿಡುವ ವಖಾರದ ಹಿಂದೆ ಒಬ್ಬ ವೆಲ್ಡಿಂಗಿನವನು ತಗಡಿನ ದೋಣಿ ಮಾಡಿಟ್ಟಿದ್ದ. ಕೆರೆಗೆ ಒಯ್ದು ನೋಡಿದರೆ ಅದು ಜಿಗಿದ ಕೂಡಲೆ ಎರಡು ಮಾರು ಓಡಿತು. ಮೀನುಗಾರರ ಕಟ್ಟಿಗೆಯ ದೋಣಿ ಅಲುಗಲೇ ಇಲ್ಲ, ನಿಜ, ಆದರೆ ಅದನ್ನು ದಂಡೆಗೆ ಎಳೆಯಲು ನಾಲ್ಕು ಜನ ಬೇಕು, ಬೇಸಿಗೆಯಲ್ಲಿ ಒಣಗಿತೋ ಸಂದು ಬಿಟ್ಟು ಸೋರುತ್ತದೆ. ಮಿರಜಿನಲ್ಲಿ ಮಿಲಿಟರಿಯವರು ಮಾರಿದ ಹಳೆಯ ಸಾಮಾನಿನಂಗಡಿಯಲ್ಲಿ ಗಾಳಿ ತುಂಬುವ ರಬ್ಬರಿನದು ಸಿಕ್ಕಿತು. ಮಡಚಿ ಟ್ರಂಕಿನಲ್ಲಿಟ್ಟು ಬಸ್ಸಿಗೆ ಹಾಕಬಹುದು ಎಂದು ಎರಡು ದಿನ ಅದರ ಮೇಲೇ ಜೀವ ಇಟ್ಟುಕೊಂಡಿದ್ದ. ಜಿಗಿಯಲು ಹೋದರೆ ಅದು ಕಾಲಡಿಯಿಂದ ಕುಸಿದು ಅವನನ್ನೇ ನೀರಿಗೆ ಕೆಡವಿತು. ಮೇಲಾಗಿ ಈ ದಂಡೆಯ ಜಾಲಿಮುಳ್ಳಿಗೆ ಅದು ಒಂದು ದಿನವೂ ತಾಳುವಂತಿರಲಿಲ್ಲ. ಕೊನೆಗೆ ಅದೇ ಮಿರಜಿನಲ್ಲಿ, ಫೈಬರಿನ ನೀರಿನ ಟಾಕಿ ಮಾಡುವ ಜ್ಞಾನದೇವ ಎಂಬವನು ಯಾರಿಗೋ ಮಾಡಿ ಅವರು ಒಯ್ಯದೆ ಬಿಟ್ಟ ಈ ದೋಣಿ ತೋರಿಸಿದ. ಮೂಗು ಮೊಂಡ, ತಳ ಸಪಾಟು, ಹಿಂಭಾಗ ಅಗಲ. ಇಬ್ಬರು ಎತ್ತಿ ಒಯ್ಯಬಹುದು. ಬಾವಿಯ ಪಕ್ಕದ ದೊಡ್ಡ ಹೊಂಡದಲ್ಲಿ ತೇಲಿಬಿಟ್ಟು ಭೂಪಾಲ ಏಳು ಸಲ ಜಿಗಿದ. ಏಳು ಸಲವೂ ಅದು ಮೊಳದುದ್ದ ಸರಿದು ನಿಂತಿತು. ದೋಣಿಗೆ ಹೋಡಿ ಎನ್ನುವ ಮರಾಠಿ ಬೆರೆತ ಕನ್ನಡದಲ್ಲಿ ಜ್ಞಾನದೇವ ತಾಳ್ಮೆಯಿಂದಲೇ ಕೇಳಿದ:

"ಸಾಹೇಬ, ಹೋಡಿ ಕುಂಡರಾಕ ಮಾಡ್ತೀವಿ. ನೀವು ಬರೇ ಇಳಿಯೂದು ನೋಡಾಕತ್ತೀರಲ್ಲ?"

ಆ ಮನುಷ್ಯನಿಗೆ ಏನೂ ಗೊತ್ತಿರಲಿಲ್ಲ, ಆದರೂ ಎಲ್ಲ ಗೊತ್ತಿದ್ದವನ ಎದುರು ನಿಂತ ಹಾಗಾಗಿ, ಭೂಪಾಲ ಒದ್ದೆ ಪ್ಯಾಂಟಿನಲ್ಲೇ ದೋಣಿ ಸಾಗಿಸುವ ಟೆಂಪೊ ಹುಡುಕಲು ಹೋದ.

ಈಗ ಹೊಲದ ಕಬ್ಬಿನ ಸಾಲಿನಿಂದ ಚಂದ್ರಮತಿ ಹೊರಬಂದಳು. ಒಂದು ಕೈಯಲ್ಲಿ ಬುತ್ತಿಯ ಗಂಟು, ಇನ್ನೊಂದರಲ್ಲಿ ಸೋಸಿದ ನೀರಿನ ಹಿತ್ತಾಳೆ ತಂಬಿಗೆ, ಅದರ ಬಾಯಿಗೆ ಬಿಳಿ ಬಟ್ಟೆ. ಸುತ್ತ ಹೊಳೆಯೇ ಇದ್ದರೂ ಸೋಸದ ನೀರು ಜೈನರ ಮನೆಯಲ್ಲಿ ಬೆಳೆದ ಅವಳ ಗಂಟಲಿಗೆ ಇಳಿಯುವುದಿಲ್ಲ. ಹೇಗೆ ಹತ್ತಿಸಬೇಕು, ಕೈ ಎಲ್ಲಿ ಹಿಡಿಯಬೇಕು ಎಂದು ಅವನು ನಾಲ್ಕು ವಾರ ಲೆಕ್ಕ ಹಾಕಿದ್ದು ವ್ಯರ್ಥವಾಯಿತು. ಅವಳು ಗಂಟನ್ನು ಅವನ ಕೈಗೆ ಕೊಟ್ಟು, ಸೀರೆ ಒಂದಿಷ್ಟು ಎತ್ತಿ ಸಿಕ್ಕಿಸಿ, ಬಂಡಿ ಹತ್ತುವವರ ಹಾಗೆ ಹತ್ತಿ ಹಿಂದಿನ ಹಲಗೆಯ ಮೇಲೆ ಕೂತುಬಿಟ್ಟಳು. ಅವನು ನಡುವಿನ ಹಲಗೆಗೆ ಕೂತು ಎರಡೂ ಹುಟ್ಟು ಹಿಡಿದು ಎಳೆದ ಮೇಲಷ್ಟೇ ಅವನಿಗೆ ಹೊಳೆದದ್ದು: ಹುಟ್ಟು ಹಾಕುವವನು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂಡುತ್ತಾನೆ, ಹಿಂದೆ ಕೂತವರಿಗೆ ಮುಖ ಮಾಡಿ. ಎಂದರೆ ದಾರಿಯುದ್ದಕ್ಕೂ ಮೊಳಕಾಲಿಗೆ ಮೊಳಕಾಲು ತಾಗುವಷ್ಟು ಹತ್ತಿರದಲ್ಲಿ ಅವಳ ಮುಖ. ಇಳಿಯುವುದೊಂದನ್ನು ಬಿಟ್ಟು ಬೇರೆ ಏನನ್ನೂ ಯೋಚಿಸದೆ ದೋಣಿ ಕೊಂಡವನಿಗೆ ಸರಿಯಾಗಿಯೇ ಆಯಿತು. ಇಪ್ಪತ್ತೊಂದು ವರ್ಷದಲ್ಲಿ ಅವನು ಹೆಂಡತಿಯ ಮುಖವನ್ನು ಇಷ್ಟು ಹೊತ್ತು ಬಿಡದೆ ನೋಡಿರಲಿಲ್ಲ. ಹುಬ್ಬಿನ ಹತ್ತಿರ ಒಂದು ಹಳೆಯ ಗಾಯದ ಕಲೆ ಇತ್ತು. ಅದು ಯಾವಾಗ ಆದದ್ದು ಎಂದು ಅವನಿಗೆ ಗೊತ್ತಿರಲಿಲ್ಲ.

ಮರಳುವಾಗ ಸೆಳವು ನೆರವಾಗಲಿ ಎಂದು ಮೊದಲು ಮೇಲುಹೊಳೆಗೆ ಹೋಗುವುದು ಅವನ ರೂಢಿ. ದೋಣಿ ಎಂದಿನಂತೆ ಡೊಂಕಾಗಿ ಹೋಗುತ್ತಿತ್ತು, ಅವನು ಎಂದಿನಂತೆ ಕತ್ತು ಹೊರಳಿಸಿ ಹೊರಳಿಸಿ ಮುಂದೆ ನೋಡುತ್ತಿದ್ದ. ಹಾಗೆ ಹಿಂದೆ ನೋಡಬೇಡಿ, ನಾನು ನೋಡಿ ಹೇಳುತ್ತೇನೆ ಎಂದಳು ಅವಳು. ಎಡಗಡೆಯ ಹುಟ್ಟು ಎಂದಳು; ಅವನು ತನ್ನ ಎಡಗೈ ಎಳೆದ, ದೋಣಿ ತಿರುಗಿ ದಂಡೆಯ ಜೌಗಿನ ಪೊದೆಗೆ ಹೋಗಿ ಮೂಗು ತಾಗಿಸಿತು. ಎದುರುಬದುರು ಕೂತವರಿಗೆ ಒಬ್ಬರ ಎಡ ಇನ್ನೊಬ್ಬರ ಬಲ. ಅವನು ಸಿಡುಕಬೇಕು ಎನ್ನುವಷ್ಟರಲ್ಲಿ ಅವಳು ಅಥಣಿ ಕಡೆಯ, ರಾಯಬಾಗ ಕಡೆಯ ಎರಡೂ ದಂಡೆಗಳನ್ನು ನೋಡಿ ಹೊಸ ಉಪಾಯ ಮಾಡಿದಳು.

"ಈ ಕಡೆ ಹುಟ್ಟು ಅಥಣಿ, ಆ ಕಡೆ ಹುಟ್ಟು ರಾಯಬಾಗ. ನಾ ಯಾವ ಊರ ಹೆಸರ ಹೇಳ್ತೀನಿ, ಅದನ್ನ ಎಳೀರಿ."

ಅಲ್ಲಿಂದ ಮುಂದೆ ದೋಣಿ ಗೆರೆ ಎಳೆದ ಹಾಗೆ ಹೋಯಿತು. ಅಥಣಿ ಎಂದಾಗ ಎಡಗೈ, ರಾಯಬಾಗ ಎಂದಾಗ ಬಲಗೈ. ನಾಲ್ಕು ಭಾನುವಾರದಲ್ಲಿ ಒಮ್ಮೆಯೂ ಮುಟ್ಟಲಾಗದ ಉಸುಕಿನ ನಡುಗಡ್ಡೆಯನ್ನು ಗಂಟೆಯೊಳಗೆ ಮುಟ್ಟಿದರು. ತಾನು ಡೊಂಕು ಹೋಗುವುದನ್ನು ಅವಳು ನಾಲ್ಕು ವಾರವೂ ಬದುವಿನ ಮೇಲಿಂದ ನೋಡುತ್ತ, ಬಾಯಿ ತುದಿಗೆ ಬಂದ ಮಾತನ್ನು ನುಂಗಿಕೊಂಡು ಶೇಂಗಾ ಸುಲಿದಿರಬೇಕು ಅನ್ನಿಸಿ ಅವನಿಗೆ ನಾಚಿಕೆಯೂ ಆಯಿತು, ಒಳಗೊಳಗೇ ಖುಷಿಯೂ ಆಯಿತು.

ತಳ ಉಸುಕಿಗೆ ತಾಗಿತು. ಅವನು ಹುಟ್ಟು ಒಳಗಿಟ್ಟು, ಎರಡೂ ಕೈಯಿಂದ ಹಲಗೆಯನ್ನು ಗಟ್ಟಿ ಹಿಡಿದು ಕೂತು, ನೀ ಮೊದಲು ಇಳಿ ಎಂದ. ದನಿ ಎತ್ತರವಾಗಿ, ಕೋರ್ಟಿನ ಬೆಂಚಿನ ಮುಂದೆ ಕೂಗು ಹಾಕುವ ಜವಾನನ ದನಿಯಂತೆ ಬಂತು. ಅವಳು ಅವನ ಕೈ ನೋಡಿದಳು, ಮುಖ ನೋಡಿದಳು, ನೀರಿಗಿಳಿದು ನಾಲ್ಕು ಹೆಜ್ಜೆ ನಡೆದು ಉಸುಕಿನ ಮೇಲೆ ನಿಂತಳು. ಅವಳು ನಿಂತ ಮೇಲೆ ಅವನು ಇಳಿದ. ಇಷ್ಟೇ ಆಗಬೇಕಾಗಿತ್ತು. ಇದಕ್ಕಾಗಿಯೇ ನಿಪ್ಪಾಣಿ, ಮಿರಜು, ಏಳು ಸಲದ ಜಿಗಿತ. ಆದರೆ ಎದೆಯ ಮೇಲಿನ ಭಾರ ಇಳಿದಿರಲಿಲ್ಲ. ಅವಳು ಗಂಟು ಬಿಚ್ಚಿ ಕಡಕ ರೊಟ್ಟಿ, ಹೆಸರುಕಾಳಿನ ಪಲ್ಲೆ, ಶೇಂಗಾಹಿಂಡಿ, ಗಟ್ಟಿ ಮೊಸರು ಹಚ್ಚಿ ಕೊಟ್ಟಳು. ತಟ್ಟೆ ಹಿಡಿದ ಅವನ ತಲೆಯಲ್ಲಿ ಹೇಳಿಕೆ ತಯಾರಾಗುತ್ತಿತ್ತು: ನಾನು ಭೂಪಾಲ, ವಯಸ್ಸು ನಲವತ್ತೈದು, ಸದರಿ ದಿನ ಸದರಿ ಕೊಪ್ಪರಿಗೆಯಲ್ಲಿ. ಎಲ್ಲಿಂದ ಶುರುಮಾಡಿದರೂ ನೂಕುವವನ ಕೈ ತಪ್ಪಿತು ಎಂಬಲ್ಲಿಗೇ ಬಂದು ನಿಲ್ಲುತ್ತಿತ್ತು, ಸತ್ತ ಮನುಷ್ಯನ ಮೇಲೆ ಹೊರಿಸುವ ಹಾದಿ ಹಿಡಿಯುತ್ತಿತ್ತು. ಇಷ್ಟು ವರ್ಷ ಎಷ್ಟು ಮಂದಿಯ ಇಂಥ ಮಾತಿಗೆ ಮೂರು ಮೂರು ಪ್ರತಿ ತೆಗೆದುಕೊಟ್ಟಿದ್ದೇನೆ ಎಂದು ನೆನೆದು ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ರೊಟ್ಟಿ ಕೆಳಗಿಟ್ಟ.

"ಅವತ್ತ ಸತ್ತೆಪ್ಪನ ತಪ್ಪ ಇರಲಿಲ್ಲ. ನಾ ನಿನ್ನ ಬಿಟ್ಟ ಜಿಗದೆ. ಹೆದರಿ ಜಿಗದೆ."

ಚಂದ್ರಮತಿ ತುತ್ತು ನುಂಗಿದಳು. ಯಾವತ್ತು ಎಂದು ಕೇಳಲಿಲ್ಲ. ತಂಬಿಗೆಯ ಬಟ್ಟೆ ತೆಗೆದು ಎರಡು ಗುಟುಕು ನೀರು ಕುಡಿದು, ಬಟ್ಟೆಯನ್ನು ಮತ್ತೆ ಬಾಯಿಗೆ ಕಟ್ಟುತ್ತ ಕೂತಳು. ಗಂಟು ಹಾಕಿದಳು, ಬಿಚ್ಚಿದಳು, ಮತ್ತೆ ಹಾಕಿದಳು.

"ಜಿಗದದ್ದು ತಪ್ಪ ಹೌದು," ಎಂದಳು. "ಅದನ್ನ ನಾ ಮಾಫ್ ಮಾಡಿ ಭಾಳ ವರ್ಷ ಆತ್ರಿ. ಆದ್ರ ನಂದೂ ಒಂದ ಐತಿ. ಬ್ಯಾಸರ ಮಾಡ್ಕೋಬ್ಯಾಡ್ರಿ. ಕೊಪ್ಪರಗಿ ತಿರಗಾಕ ಹತ್ತಿದ ಮ್ಯಾಲ ನನಗ ಹೆದರಿಕಿ ಹೋತು. ಮ್ಯಾಲ ಮುಗಿಲು ತಿರಗತಿತ್ತು. ಅತ್ತಿ ಇಲ್ಲ, ಅಪ್ಪ ಇಲ್ಲ, ನೀವೂ ಇಲ್ಲ. ಹುಟ್ಟಿದಾಗಿಂದ ನಾ ಒಬ್ಬಾಕಿನ ಇದ್ದದ್ದು ಅವತ್ತ ಅಷ್ಟ ಹೊತ್ತರಿ. ನಗು ಬಂತು ನನಗ. ಜೋರ ನಕ್ಕೆ. ಸತ್ತೆಪ್ಪ ಬಂದ ಹಿಡದಾಗ, ಯಾಕರ ಬಂದನೋ ಅನಿಸ್ತು."

ಹೊಸ ಮದುವಣಗಿತ್ತಿ, ಗಂಡ ಬಿಟ್ಟು ಜಿಗಿದಿದ್ದಾನೆ, ಇವಳು ನಗುತ್ತಿದ್ದಾಳೆ ಎಂದರೆ ಜನ ಏನಂದಾರು ಎಂದು ಬಾಯಿ ಮುಚ್ಚಿಕೊಂಡಿದ್ದಳಂತೆ. ನಕ್ಕದ್ದನ್ನು ದಂಡೆಯ ಮೇಲಿಂದ ಗಂಡ ನೋಡಿದ್ದಾನೆ, ಅದಕ್ಕೇ ಇಷ್ಟು ವರ್ಷ ಮುಖ ಕೊಟ್ಟು ಮಾತಾಡುವುದಿಲ್ಲ ಎಂದು ತಿಳಿದಿದ್ದಳಂತೆ. ದೋಣಿ ತಂದಾಗ, ತನಗೆ ಅದನ್ನು ನೆನಪು ಮಾಡಿಕೊಡಲೆಂದೇ ತಂದಿದ್ದಾನೆ ಎಂದು ನಾಲ್ಕು ಭಾನುವಾರ ಬದುವಿನ ಮೇಲೆ ಕೂತೇ ಬೆವರಿದ್ದಳಂತೆ. ಹೇಳಿಬಿಡಬೇಕು ಎಂದು ನಿನ್ನೆ ಕುಡಚಿಯ ಬಸ್‌ಸ್ಟ್ಯಾಂಡಿನಲ್ಲಿ ಮನಸ್ಸು ಮಾಡಿದಳಂತೆ.

ಭೂಪಾಲನಿಗೆ ಮೊದಲು ಬಂದದ್ದು ಸಿಟ್ಟು. ಸುಳ್ಳು ಯಾಕೆ, ಸಿಟ್ಟೇ ಬಂತು. ಇಪ್ಪತ್ತೊಂದು ವರ್ಷ ಹಗಲೂ ರಾತ್ರಿ ಹೊತ್ತುಕೊಂಡು ತಿರುಗಿದ ಅಪರಾಧದಲ್ಲಿ ತಾನೇ ಮುಖ್ಯ ಎಂದುಕೊಂಡಿದ್ದ. ಅವಳ ಕತೆಯಲ್ಲಿ ನೋಡಿದರೆ ಅವನು ಇಲ್ಲದೇ ಇದ್ದುದೇ ಸುಖದ ಭಾಗ. ತಾನು ಕೆಸರಿನಲ್ಲಿ ನಿಂತು ಸಾಯುತ್ತಿದ್ದಾಗ ಇವಳು ನಗುತ್ತಿದ್ದಳು. ಆ ಹದಿನೆಂಟರ ಹುಡುಗಿ, ತೊಡೆಯ ಮೇಲೆ ಉಂಡಿಯ ಬುಟ್ಟಿ, ಕೆಂಪು ನೀರಿನ ನಡುವೆ ಬಾಯಿ ತೆರೆದು ನಗುತ್ತಿರುವುದು ಅವನ ಕಣ್ಣಿಗೆ ಕಟ್ಟಿತು. ಕಟ್ಟಿದ್ದೇ ತಡ, ಸಿಟ್ಟು ಎಲ್ಲಿ ಹೋಯಿತೋ, ಅವನಿಗೂ ನಗು ಬಂತು. ತಡೆದರೂ ನಿಲ್ಲದೆ, ಭುಜ ಕುಲುಕಿಸಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. ಅವಳು ಗಾಬರಿಯಿಂದ ಅವನನ್ನು ನೋಡಿ, ಅವನು ನಿಜವಾಗಿ ನಗುತ್ತಿದ್ದಾನೆ ಎಂದು ಗೊತ್ತಾದ ಮೇಲೆ ತಾನೂ ಶುರುಮಾಡಿದಳು. ನಡುಗಡ್ಡೆಯ ಮೇಲೆ ಇಬ್ಬರು ಮಧ್ಯವಯಸ್ಸಿನವರು ಹುಚ್ಚು ಹಿಡಿದವರಂತೆ ನಗುವುದನ್ನು ನೋಡಲು ಅಲ್ಲಿ ಯಾರೂ ಇರಲಿಲ್ಲ. ಮೊಸರು ಉಸುಕಿನ ಮೇಲೆ ಚೆಲ್ಲಿತು.

ಅವನ ಅಂಗೈಯಲ್ಲಿ ನಾಲ್ಕು ಗುಳ್ಳೆ ಎದ್ದಿದ್ದವು. ಮರಳುವಾಗ ಅವಳು ಕೇಳದೆಯೇ ನಡುವಿನ ಹಲಗೆಯ ಮೇಲೆ ಕೂತು ಹುಟ್ಟು ಹಿಡಿದಳು. ಮೊದಲ ನಾಲ್ಕು ಸಲ ನೀರು ಅವನ ಮುಖಕ್ಕೆ ಹಾರಿತು. ಐದನೆಯದಕ್ಕೆ ದೋಣಿ ಸರಕ್ಕನೆ ಮುಂದೆ ಹೋಯಿತು. ರೊಟ್ಟಿ ಬಡಿದ ತೋಳು, ಕೊಡ ಹೊತ್ತ ಬೆನ್ನು. ಎಳೆತ ಅವನದಕ್ಕಿಂತ ಉದ್ದವಾಗಿ, ಸಮನಾಗಿ ಬಿತ್ತು. ಈಗ ಅವನು ಹಿಂದಿನ ಹಲಗೆಯ ಮೇಲೆ ಕೂತು ಅಥಣಿ, ರಾಯಬಾಗ ಎಂದು ಹೇಳುವವನಾದ. ನಡುಹೊಳೆಗೆ ಬಂದಾಗ ಅವಳು ಅವನ ಮಾತು ಬಿಟ್ಟು, ಬೇಕೆಂದೇ ಒಂದೇ ಹುಟ್ಟು ಎಳೆದಳು. ದೋಣಿ ತಿರುಗಿತು, ಮತ್ತೊಂದು ಸುತ್ತು ತಿರುಗಿತು. ಅವನು ಎರಡೂ ಕಡೆಯ ಅಂಚು ಹಿಡಿದುಕೊಂಡು, ಸಾಕು, ನನಗೆ ಹೆದರಿಕೆಯಾಗುತ್ತಿದೆ ಎಂದ. ಆ ಮಾತನ್ನು ಹೆಂಡತಿಯ ಮುಂದೆ ಅವನು ಆಡಿದ್ದು ಅದೇ ಮೊದಲು. ಹೇಳಿದ ಮೇಲೆ ಹೆದರಿಕೆ ಹೋಗಲಿಲ್ಲ, ಆದರೆ ಅದರ ಜೊತೆ ಕೂಡಬಹುದು ಅನ್ನಿಸಿತು.

ಅಣ್ಣಾಸಾಬನ ಹೊಲ ಹತ್ತಿರವಾದಾಗ ದಂಡೆಯ ಮೇಲೆ ಜನ ಕಂಡರು. ಟೀವಿ ಯಾವಾಗಲೋ ಮುಗಿದಿತ್ತು. ಅರಿವೆ ಒಗೆಯುವ ಹೆಂಗಸರು, ಎಮ್ಮೆ ಮೈ ತೊಳೆಯುವವರು, ಒಂದಿಬ್ಬರು ಹಿರಿಯರು, ನಡುವೆ ಟೊಪ್ಪಿಗೆ ಸರಿಮಾಡಿಕೊಳ್ಳುತ್ತ ಅಣ್ಣಾಸಾಬ. ಹೆಂಡತಿ ಹುಟ್ಟು ಹಾಕುತ್ತಿದ್ದಾಳೆ, ಗಂಡ ತಂಬಿಗೆ ತೊಡೆಯ ಮೇಲಿಟ್ಟುಕೊಂಡು ಮದುವಣಗಿತ್ತಿಯ ಹಾಗೆ ಹಿಂದೆ ಕೂತಿದ್ದಾನೆ. ಹುಟ್ಟು ಕೊಡು ಎಂದು ಕೇಳಲು ಕೈ ಚಾಚಿದ್ದ ಭೂಪಾಲ ಅವಳ ಮುಖ ನೋಡಿ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಬೆವರಿ ಕೆಂಪಾಗಿದ್ದ ಆ ಮುಖದಲ್ಲಿ ದಂಡೆಯ ಜನರ ಯೋಚನೆಯೇ ಇರಲಿಲ್ಲ. ಅವಳ ಬೆನ್ನು ಅವರ ಕಡೆಗಿತ್ತು. ಅಣ್ಣಾಸಾಬ ಎಲ್ಲರಿಗೂ ಕೇಳುವ ಹಾಗೆ ಕೂಗಿದ:

"ಏನೋ ಭೂಪಾಲ, ಹೆಂಡ್ತಿ ಕಡಿಂದ ಹುಟ್ಟು ಹಾಕಸ್ಕೊಂಡ ಬರಾಕತ್ತಿ? ನಿನ್ನ ಡಾಕ್ಟರು ಆಕಿಗೂ ವ್ಯಾಯಾಮ ಬರಕೊಟ್ಟಾರೇನು?"

ಹೆಂಗಸರು ಸೆರಗು ಬಾಯಿಗೆ ಹಿಡಿದರು. ಭುಜದ ನೋವು ಎನ್ನುವ ಉತ್ತರ ಭೂಪಾಲನ ನಾಲಗೆಯ ಮೇಲೇ ಇತ್ತು. ಅವನು ಕೂತಲ್ಲಿಂದಲೇ, ಕೋರ್ಟಿನಲ್ಲಿ ಯಾವ ಸಾಕ್ಷಿಯ ಬಾಯಿಂದಲೂ ಕೇಳಿರದಷ್ಟು ಸ್ಪಷ್ಟವಾಗಿ ಹೇಳಿದ:

"ಡಾಕ್ಟರು ಗಿಕ್ಟರು ಯಾರೂ ಇಲ್ಲ, ಅಣ್ಣಾ. ನನಗ ನೀರಂದ್ರ ಹೆದರಿಕಿ. ಮದಿವ್ಯಾದ ವರ್ಷ ಹೊಳಿ ಬಂದಾಗ ಈಕಿನ್ನ ಕೊಪ್ಪರಗ್ಯಾಗ ಬಿಟ್ಟ ದಂಡಿಗಿ ಜಿಗದಿದ್ದೆ. ಈಕಿಗಿ ಹೆದರಿಕಿ ಇಲ್ಲ. ಅದಕ್ಕ ಈಕಿ ಹಾಕ್ತಾಳ, ನಾ ಕುಂತೀನಿ."

ಅಣ್ಣಾಸಾಬ ಟೊಪ್ಪಿಗೆ ತೆಗೆದು ತಲೆ ಒರೆಸಿಕೊಂಡ. ಚಂದ್ರಮತಿ ಹುಟ್ಟು ನೀರಿನಿಂದ ಮೇಲೆತ್ತಿ ಹಿಡಿದು ಗಂಡನನ್ನೇ ನೋಡಿದಳು. ಅವಳ ಕಣ್ಣು ತುಂಬಿತ್ತು. ದಂಡೆ ಇನ್ನು ಎರಡು ಎಳೆತದಷ್ಟು ದೂರ ಇತ್ತು.

"ಇಳೀತೀರೇನ್ರಿ?" ಎಂದು ಕೇಳಿದಳು.

"ಇಲ್ಲ," ಎಂದ ಭೂಪಾಲ. "ರಾಯಬಾಗ."

ಅವಳು ಅಥಣಿಯ ಹುಟ್ಟನ್ನು ಹಿಂದಕ್ಕೆ ನೂಕಿ, ರಾಯಬಾಗದ್ದನ್ನು ತನ್ನ ಕಡೆಗೆ ಎಳೆದಳು. ಬಾನಿಯ ಮೊಂಡ ಮೂಗು ಎಲ್ಲರೂ ನೋಡುತ್ತಿದ್ದಂತೆ ಹೊಳೆಯ ಕಡೆಗೆ ತಿರುಗಿತು.